ಗವಿಯಲ್ಲಿ ಕತ್ತರಿಸಿದ ಅಂಚು: ಒಂದು ಸಭೆಯ ಲೆಕ್ಕದ ಜಗಳ, ದಾವೀದನ ಇಪ್ಪತ್ತೊಂದು ಅಧ್ಯಾಯಗಳು

ಇದು ಒಂದು ತಾಲ್ಲೂಕು ಊರಿನ ಸ್ವತಂತ್ರ ಕ್ರೈಸ್ತ ಸಭೆಯ ಪ್ರಕರಣ. ಗುರುತು ಸಿಗಬಾರದೆಂದು ಕಾಲವನ್ನೂ ಕೆಲವು ಅಂಕಿಗಳನ್ನೂ ಬದಲಿಸಲಾಗಿದೆ, ಯಾರ ಹೆಸರನ್ನೂ ಕೊಟ್ಟಿಲ್ಲ. ಸತ್ಯವೇದ ಅಧ್ಯಯನ ನಡೆಸುವವರಿಗೂ ಸಭೆಯ ಸಮಿತಿಯಲ್ಲಿ ಕೂರುವವರಿಗೂ ಉಪಯೋಗವಾದೀತೆಂದು ಇದನ್ನು ಬರೆಯಲಾಗಿದೆ.

ಹಿನ್ನೆಲೆ

ಸಭೆಯಲ್ಲಿ ಸುಮಾರು 90 ಕುಟುಂಬಗಳಿದ್ದವು. 26 ವರ್ಷಗಳ ಹಿಂದೆ ಬಾಡಿಗೆ ಮನೆಯ ಪಡಸಾಲೆಯಲ್ಲಿ ಅದನ್ನು ಆರಂಭಿಸಿದವರೇ ಈಗಲೂ ಪಾಸ್ಟರ್. ಟ್ರಸ್ಟ್ ಇತ್ತು, ಆದರೆ ಐವರು ಸದಸ್ಯರಲ್ಲಿ ಮೂವರು ಅವರ ಮನೆಯವರು. ಕಟ್ಟಡಕ್ಕೆಂದು ಕಾಣಿಕೆ ಎತ್ತಿ ಕೊಂಡ 8 ಗುಂಟೆ ಜಾಗ ಪಾಸ್ಟರ್ ಹೆಸರಿಗೇ ನೋಂದಣಿಯಾಗಿತ್ತು. ವಾರ್ಷಿಕ ಲೆಕ್ಕವನ್ನು ಸಭೆಯ ಮುಂದೆ ಓದಿ 4 ವರ್ಷ ಕಳೆದಿತ್ತು. ಅವರು ದುಡ್ಡು ತಿಂದರು ಎನ್ನಲು ಆಧಾರವಿರಲಿಲ್ಲ, ತಿಂದಿಲ್ಲ ಎನ್ನಲು ಕಾಗದವೂ ಇರಲಿಲ್ಲ.

ಸಹಾಯಕ ಪಾಸ್ಟರ್‌ಗೆ ಮೂವತ್ತರ ಆಸುಪಾಸು. ಹಾಡು, ಪ್ರಸಂಗ ಎರಡರಲ್ಲೂ ಗಟ್ಟಿಗರು, ಯುವಕರ ಕೂಟ ಅವರ ಹಿಂದೆಯೇ ಇತ್ತು. ಒಂದು ಉಪವಾಸ ಕೂಟಕ್ಕೆ ಬಂದಿದ್ದ ಹೊರಗಿನ ಪ್ರಸಂಗಿಯೊಬ್ಬರು ಇವರ ತಲೆಗೆ ಎಣ್ಣೆ ಹಚ್ಚಿ, ‘ಇವನೇ ಈ ಸಭೆಯ ದಾವೀದ’ ಎಂದು ಪ್ರವಾದನೆ ನುಡಿದು, ರಾತ್ರಿ ಬಸ್ಸು ಹತ್ತಿ ಹೊರಟುಹೋದರು. ಆ ಮಾತಿನ ಜೊತೆ ಬದುಕಬೇಕಾದವರು ಊರಿನಲ್ಲೇ ಉಳಿದವರು.

ಸಮಸ್ಯೆ

ಮುಂದಿನ ಆರು ತಿಂಗಳಲ್ಲಿ ಸಭೆ ಎರಡು ಪಾಲಾಯಿತು. ಎರಡೂ ಪಾಲಿನವರು ಸತ್ಯವೇದದ ಒಂದೇ ಕಥೆ ಓದುತ್ತಿದ್ದರು: ಇಸ್ರೇಲಿನ ಮೊದಲ ಅರಸ ಸೌಲ, ಅವನ ನಂತರ ಅರಸನಾದ ದಾವೀದ, ಇವರಿಬ್ಬರದು.

ಲೆಕ್ಕ ಕೇಳಿದವರಿಗೆ ಪಾಸ್ಟರ್ ಕಡೆಯವರು ಕೊಟ್ಟ ಉತ್ತರ ಎರಡು ವಚನ. ಒಂದು ಕೀರ್ತನೆ 105:15, ದೇವರು ಅಭಿಷೇಕಿಸಿದವರನ್ನು, ಅಂದರೆ ಎಣ್ಣೆ ಹಚ್ಚಿಸಿ ಆರಿಸಿಕೊಂಡವರನ್ನು, ಮುಟ್ಟಬಾರದು. ಇನ್ನೊಂದು 1 ಸಮುವೇಲ 24:6, ಸೌಲನು ಯೆಹೋವನ ಅಭಿಷಿಕ್ತ, ಅವನ ಮೇಲೆ ಕೈಯೆತ್ತುವುದಿಲ್ಲ ಎಂದು ದಾವೀದ ಹೇಳುವ ಮಾತು. ಯುವಕರ ಕಡೆಯವರು 16ನೇ ಅಧ್ಯಾಯ ತೆರೆಯುತ್ತಿದ್ದರು: ಸೌಲ ಸಿಂಹಾಸನದ ಮೇಲಿರುವಾಗಲೇ ದಾವೀದನಿಗೆ ಅಭಿಷೇಕವಾಯಿತು, ಯೆಹೋವನ ಆತ್ಮ ಸೌಲನನ್ನು ಬಿಟ್ಟುಹೋಯಿತು, ಆದ್ದರಿಂದ ಕುರ್ಚಿ ಬಿಡಬೇಕು.

ಹಿರಿಯರಲ್ಲಿ ಇಬ್ಬರು ಯಾವ ಕಡೆಗೂ ಸೇರದೆ ಉಳಿದಿದ್ದರು. ಪಕ್ಕದ ಜಿಲ್ಲೆಯಿಂದ, ದೇವಶಾಸ್ತ್ರ ಕಲಿಸಿ ನಿವೃತ್ತರಾದ ಒಬ್ಬರನ್ನು ಕರೆಸಿ, ದಾವೀದ ಅರಸನಾದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲರೂ ಒಟ್ಟಿಗೆ ಕೂತು ಓದೋಣ ಎಂದು ಸೂಚಿಸಿದವರು ಅವರೇ. ಬಂದವರು ಎರಡು ಷರತ್ತು ಹಾಕಿದರು. ಎರಡೂ ಕಡೆಯವರು ಕೂರಬೇಕು, ಮತ್ತು ಲೆಕ್ಕದ ತೀರ್ಮಾನವನ್ನು ಅಧ್ಯಯನದ ಕೂಟದಲ್ಲಿ ಮಾಡಬಾರದು. ಪಾಸ್ಟರ್ ಒಂದು ವಾರ ಯೋಚಿಸಿ ಒಪ್ಪಿದರು.

ಮೊದಲ ಭಾನುವಾರವೇ ಎಡವಿದ್ದು

ಯೋಜನೆ 8 ಭಾನುವಾರಗಳದ್ದು. 1 ಸಮುವೇಲ 16ರಿಂದ 2 ಸಮುವೇಲ 5ರ ತನಕ, ನಡುವಣ ಕೆಲವು ಅಧ್ಯಾಯಗಳನ್ನು ಮನೆಯಲ್ಲಿ ಓದಿಕೊಂಡು ಬರಬೇಕು. ಆರಾಧನೆಯ ನಂತರ 75 ನಿಮಿಷ: 25 ನಿಮಿಷ ಗಟ್ಟಿಯಾಗಿ ಓದು, 40 ನಿಮಿಷ ಪ್ರಶ್ನೆ, ಕೊನೆಯ 10 ನಿಮಿಷ ಪ್ರಾರ್ಥನೆ. ಓದಿಗೆ ಇಷ್ಟು ಹೊತ್ತು ಯಾಕೆ ಎಂದು ಹಲವರು ಗೊಣಗಿದರು. ಇಂಥ ಜಗಳಗಳಲ್ಲಿ ವಚನ ಎಲ್ಲರಿಗೂ ಬಾಯಿಪಾಠ, ಅಧ್ಯಾಯ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಎಲ್ಲರಿಗೂ ಪ್ರಿಯವಾದ್ದರಿಂದ, ದಾವೀದ ಕವಣೆಕಲ್ಲಿನಿಂದ ದೈತ್ಯನನ್ನು ಬೀಳಿಸುವ ಗೊಲ್ಯಾತನ ಅಧ್ಯಾಯದಿಂದಲೇ ಶುರು ಮಾಡಿದರು. ತಪ್ಪಾದದ್ದು ಅಲ್ಲೇ. ಏಲಾ ತಗ್ಗಿನಲ್ಲಿ ಐದು ಕಲ್ಲು ಆರಿಸಿಕೊಂಡ ಹುಡುಗನ ಜಾಗದಲ್ಲಿ ಪ್ರತಿಯೊಬ್ಬರೂ ತಮ್ಮನ್ನೇ ನಿಲ್ಲಿಸಿಕೊಂಡರು. ಯುವಕರಿಗೆ ಗೊಲ್ಯಾತ ಎಂದರೆ ಲೆಕ್ಕ ಕೊಡದ ಆಡಳಿತ, ಪಾಸ್ಟರ್ ಕಡೆಯವರಿಗೆ ಜೀವಂತ ದೇವರ ಸೈನ್ಯವನ್ನು ಹೀಯಾಳಿಸುವ ಬಾಯಿಬಡುಕರು. ಪ್ರಾರ್ಥನೆಯ ಹೊತ್ತಿಗೆ ಪ್ರಾರ್ಥನೆಯಲ್ಲೇ ಒಬ್ಬರನ್ನೊಬ್ಬರು ಚುಚ್ಚತೊಡಗಿದ್ದರು.

ಎರಡನೆಯ ವಾರಕ್ಕೆ ಕ್ರಮ ಬದಲಾಯಿತು. ‘ನಾವು ದಾವೀದ, ಅವರು ಸೌಲ’ ಎಂಬ ಮಾತು ನಿಷಿದ್ಧ. ಓದುವಾಗ ಪ್ರತಿಯೊಬ್ಬರೂ ಕಥೆಯ ಬೇರೆ ಯಾರದಾದರೂ ಜಾಗದಲ್ಲಿ ನಿಂತು ಮಾತಾಡಬೇಕು. ನೋಬ್ ಊರಿನ ಯಾಜಕರ ಜಾಗದಲ್ಲಿ ನಿಂತ ಒಬ್ಬ ನಿವೃತ್ತ ಶಿಕ್ಷಕರು ಎತ್ತಿದ ಮಾತಿಗೆ ಕೂಟ ಮೌನವಾಯಿತು. ಸೌಲನಿಂದ ತಪ್ಪಿಸಿಕೊಂಡು ಓಡಿಬಂದ ದಾವೀದ ಅರಸನ ಕೆಲಸದ ಮೇಲೆ ಬಂದಿದ್ದೇನೆಂದು ಯಾಜಕ ಅಹೀಮೆಲೆಕನಿಗೆ ಸುಳ್ಳು ಹೇಳಿ ರೊಟ್ಟಿಯನ್ನೂ ಕತ್ತಿಯನ್ನೂ ಪಡೆದ. ಸೌಲನ ಆಳು, ಎದೋಮ್ಯನಾದ ದೋಯೇಗ ಅದನ್ನು ನೋಡಿದ್ದ. ಸೌಲನ ಅಪ್ಪಣೆಯಂತೆ ಅವನು ಒಂದೇ ದಿನ 85 ಯಾಜಕರನ್ನು ಕಡಿದುಹಾಕಿದ. ತಪ್ಪಿಸಿಕೊಂಡು ಬಂದ ಅಹೀಮೆಲೆಕನ ಮಗ ಎಬ್ಯಾತಾರನಿಗೆ ದಾವೀದ ನೆಪ ಹೇಳುವುದಿಲ್ಲ, ಈ ಸಾವುಗಳಿಗೆ ನಾನೇ ಕಾರಣ ಎನ್ನುತ್ತಾನೆ. ಇಬ್ಬರು ನಾಯಕರ ನಡುವೆ ಸಿಕ್ಕಿ ಸತ್ತವರು ಆ 85 ಮಂದಿ. ಸಭೆಯಲ್ಲಿ ಹಾಗೆ ನಡುವೆ ಸಿಕ್ಕವರು ಯಾರು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಬೀಳಲಿಲ್ಲ.

ಜೊತೆಗೆ ಮೂರು ಅಂಕಣದ ಹಾಳೆಯನ್ನೂ ಕೊಡಲಾಯಿತು: ದಾವೀದ ಮಾಡಿದ್ದು, ದೇವರು ಹೇಳಿದ್ದೆಂದು ಪಠ್ಯದಲ್ಲಿರುವುದು, ನಿರೂಪಕ ಏನೂ ಹೇಳದೆ ಬಿಟ್ಟದ್ದು. ಮೂರನೆಯ ಅಂಕಣವೇ ಎಲ್ಲಕ್ಕಿಂತ ಉದ್ದವಾಗಿ ಬೆಳೆಯಿತು. ಇದೆಲ್ಲ ನಿಜವಾಗಿ ನಡೆದದ್ದೇ ಎಂದು ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರು ಕೇಳಿದರು. ದಾವೀದನ ಕಾಲ ಸುಮಾರು ಕ್ರಿಸ್ತಪೂರ್ವ 1000, ಉತ್ತರ ಇಸ್ರೇಲಿನ ತೆಲ್ ದಾನ್ ದಿಬ್ಬದಲ್ಲಿ 1993ರಲ್ಲಿ ಸಿಕ್ಕ, ಕ್ರಿಸ್ತಪೂರ್ವ 9ನೇ ಶತಮಾನದ ಅರಮಾಯಿಕ್ ಶಾಸನದಲ್ಲಿ ‘ದಾವೀದನ ಮನೆತನ’ ಎಂದು ಬಹುತೇಕ ವಿದ್ವಾಂಸರು ಓದುವ ಪದವಿದೆ ಎಂದು ಅಧ್ಯಯನ ನಡೆಸುವವರು ತಿಳಿಸಿ ಮುಂದೆ ಹೋದರು. ಈ ಜಗಳಕ್ಕೆ ಅದು ಬೇಕಿರಲಿಲ್ಲ.

ತಿರುವು: ಏನ್ಗೆದೀ ಮತ್ತು ಹಕೀಲ ಗುಡ್ಡ

ನಾಲ್ಕನೆಯ ಭಾನುವಾರ 24 ಮತ್ತು 26ನೇ ಅಧ್ಯಾಯಗಳನ್ನು ಒಂದೇ ಉಸಿರಿಗೆ ಓದಲಾಯಿತು. ಎರಡು ಕಡೆಯವರೂ ನೆಚ್ಚಿಕೊಂಡಿದ್ದ ಅಧ್ಯಾಯಗಳಿವು. ಎರಡು ಕಡೆಯವರಿಗೂ ಇವೇ ಕೈಕೊಟ್ಟವು.

ಮೃತಸಮುದ್ರದ ಪಶ್ಚಿಮ ದಡದ ಏನ್ಗೆದೀ ಅಡವಿ. ಸೌಲನ ಜೊತೆ 3000 ಆಯ್ದ ಸೈನಿಕರು, ದಾವೀದನ ಹಿಂದೆ 600 ಜನ. ದೇಹಬಾಧೆ ತೀರಿಸಿಕೊಳ್ಳಲು ಸೌಲ ಒಬ್ಬನೇ ಒಂದು ಗವಿಗೆ ಬರುತ್ತಾನೆ, ಒಳಮೂಲೆಯಲ್ಲಿ ಅಡಗಿದ್ದವನು ದಾವೀದ. ಇದೇ ದೇವರು ಕೊಟ್ಟ ದಿನ ಎಂದು ಸಂಗಡಿಗರು ಪಿಸುಗುಡುತ್ತಾರೆ. ದಾವೀದ ಕೊಲ್ಲುವುದಿಲ್ಲ, ಸೌಲನ ನಿಲುವಂಗಿಯ ಅಂಚನ್ನು ಕತ್ತರಿಸಿಕೊಳ್ಳುತ್ತಾನೆ. ಅಷ್ಟಕ್ಕೇ ಅವನ ಮನಸ್ಸು ಚುಚ್ಚುತ್ತದೆ. 15ನೇ ಅಧ್ಯಾಯದಲ್ಲಿ ಪ್ರವಾದಿ ಸಮುವೇಲನ ನಿಲುವಂಗಿಯ ಅಂಚು ಸೌಲನ ಕೈಯಲ್ಲಿ ಹರಿದಾಗ, ರಾಜ್ಯವನ್ನು ದೇವರು ನಿನ್ನಿಂದ ಹರಿದಿದ್ದಾನೆ ಎಂದು ಸೌಲ ಕೇಳಿಸಿಕೊಂಡಿದ್ದ. ಹೀಬ್ರೂನಲ್ಲಿ ಎರಡು ಕಡೆಯೂ ಅವೇ ಎರಡು ಪದಗಳು. ದಾವೀದನ ಕೈಯಲ್ಲಿದ್ದದ್ದು ಬರೀ ಬಟ್ಟೆಯ ತುಂಡಲ್ಲ, ರಾಜ್ಯದ ಗುರುತು. ಮನಸ್ಸು ಚುಚ್ಚಿದ್ದು ಯಾಕೆಂದು ಇದರಿಂದ ಅಂದಾಜಾಗುತ್ತದೆ.

‘ಕೈಯೆತ್ತಬಾರದು’ ಎಂಬಲ್ಲಿಗೇ ಪ್ರಸಂಗಗಳು ನಿಂತುಬಿಡುತ್ತವೆ. ಅಧ್ಯಾಯ ನಿಲ್ಲುವುದಿಲ್ಲ. ದಾವೀದ ಗವಿಯಿಂದ ಹೊರಗೆ ಬಂದು, ‘ನನ್ನ ಒಡೆಯನೇ, ಅರಸನೇ’ ಎಂದು ಕೂಗಿ ಕರೆದು, ನೆಲಮುಟ್ಟ ಬಾಗಿ, ಅಂಚನ್ನು ಎತ್ತಿ ತೋರಿಸುತ್ತಾನೆ. ನನ್ನಲ್ಲಿ ದ್ರೋಹವಿಲ್ಲ, ನೀನು ಮಾತ್ರ ನನ್ನ ಪ್ರಾಣ ಬೇಟೆಯಾಡುತ್ತಿದ್ದೀ, ನನಗೂ ನಿನಗೂ ಯೆಹೋವನೇ ನ್ಯಾಯ ತೀರಿಸಲಿ ಎಂದು ಮುಖಕ್ಕೇ ಹೇಳುತ್ತಾನೆ. ಗೌರವ, ಸಾಕ್ಷ್ಯ, ದೂರು ಮೂರೂ ಒಂದೇ ಮಾತಿನಲ್ಲಿವೆ. ಅಭಿಷೇಕ ಸೌಲನನ್ನು ಕತ್ತಿಯಿಂದ ಕಾಯಿತು. ಪ್ರಶ್ನೆಯಿಂದ ಕಾಯಲಿಲ್ಲ.

26ರಲ್ಲಿ ಇದು ಇನ್ನೂ ಸ್ಪಷ್ಟ. ಮಲಗಿದ್ದ ಸೌಲನ ತಲೆದೆಸೆಯಿಂದ ಈಟಿಯನ್ನೂ ನೀರಿನ ತಂಬಿಗೆಯನ್ನೂ ತೆಗೆದುಕೊಂಡ ದಾವೀದ ಕಣಿವೆ ದಾಟಿ ದೂರದ ಗುಡ್ಡದ ತುದಿಯಲ್ಲಿ ನಿಂತು ಕೂಗುತ್ತಾನೆ. ನಡುವೆ ಬಹಳ ಅಂತರವಿತ್ತು ಎಂದು ನಿರೂಪಕ ಬೇಕೆಂದೇ ಬರೆದಿದ್ದಾನೆ. ತಪ್ಪಾಯಿತು ಮಗನೇ, ಹಿಂದಿರುಗಿ ಬಾ ಎನ್ನುತ್ತಾನೆ ಸೌಲ. ದಾವೀದ ಹೋಗುವುದಿಲ್ಲ. ಈಟಿ ಇಲ್ಲಿದೆ, ಆಳೊಬ್ಬ ಬಂದು ತೆಗೆದುಕೊಂಡು ಹೋಗಲಿ ಎನ್ನುತ್ತಾನೆ. ಕ್ಷಮೆ ಕೇಳಿದವನ ಮನೆಗೆ ಅಂದೇ ಹೋಗಿ ಊಟಕ್ಕೆ ಕೂರಬೇಕಾಗಿಲ್ಲ ಎಂಬುದನ್ನು ಹೆಂಗಸರ ಸಾಲಿನಲ್ಲಿ ಹಲವರು ತಲೆಯಾಡಿಸುತ್ತ ಕೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಬಹುಶಃ ಪಾಸ್ಟರ್ ವಿಷಯವಲ್ಲ.

ಅದೇ ದಿನ ಕೀರ್ತನೆ 105ನ್ನೂ 8ನೇ ವಚನದಿಂದ ಓದಿದರು. ಮುಟ್ಟಬೇಡಿ ಎಂದು ದೇವರು ಗದರಿಸುವುದು ಯಾರನ್ನು? ಅರಸರನ್ನು. ಯಾರಿಗಾಗಿ? ನೆಲೆಯಿಲ್ಲದೆ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರ ಚಿಕ್ಕ ಗುಂಪಿಗಾಗಿ. ಅಧಿಕಾರವಿಲ್ಲದವರನ್ನು ಅಧಿಕಾರವಿದ್ದವರಿಂದ ಕಾಯುವ ವಚನವನ್ನು ತಲೆಕೆಳಗಾಗಿ ಹಿಡಿದಿದ್ದೆವು ಎಂದು ಪಾಸ್ಟರ್ ಕಡೆಯ ಹಿರಿಯರೊಬ್ಬರೇ ಎದ್ದು ಹೇಳಿದರು. ಪಾಸ್ಟರ್ ಮಾತಾಡಲಿಲ್ಲ. ಮುಂದಿನ ವಾರ ಅವರು ಅಧ್ಯಯನಕ್ಕೆ ಬರಲಿಲ್ಲ.

ಇನ್ನೊಂದು ಕಡೆಯವರ ಸರದಿ

ಯುವಕರು ಗೆದ್ದೆವೆಂದುಕೊಂಡರು. ಐದನೆಯ ವಾರ 25ನೇ ಅಧ್ಯಾಯ. 3000 ಕುರಿ, 1000 ಮೇಕೆಯ ಒಡೆಯ ನಾಬಾಲ ಒಂದು ಹೊತ್ತಿನ ಊಟ ಕೊಡದೆ ಹೀಯಾಳಿಸಿದ್ದಕ್ಕೆ ದಾವೀದ 400 ಜನರಿಗೆ ಕತ್ತಿ ಕಟ್ಟಿಸಿ ಹೊರಡುತ್ತಾನೆ, ಆ ಮನೆಯ ಒಂದು ಗಂಡುಪಿಳ್ಳೆಯನ್ನೂ ಬಿಡುವುದಿಲ್ಲವೆಂದು ಆಣೆಯಿಟ್ಟು. ಒಂದು ಅಧ್ಯಾಯದ ಹಿಂದೆ ಸೌಲನನ್ನು ಉಳಿಸಿದ ಕೈ ಇದೇ. ಅವನನ್ನು ತಡೆದದ್ದು ನಾಬಾಲನ ಹೆಂಡತಿ ಅಬೀಗೈಲ್: 200 ರೊಟ್ಟಿ, 2 ಬುದ್ದಲಿ ದ್ರಾಕ್ಷಾರಸ, ಹಸನು ಮಾಡಿದ 5 ಕುರಿ, 200 ಅಂಜೂರದ ಉಂಡೆ, ಜೊತೆಗೆ ಒಂದು ಮಾತು. ನಾಳೆ ಅರಸನಾದಾಗ ಸುಮ್ಮನೆ ರಕ್ತ ಸುರಿಸಿದ ನೆನಪು ನಿನ್ನ ಮನಸ್ಸನ್ನು ಕಾಡಬಾರದು.

ಹಾಳೆಯ ಎರಡನೆಯ ಅಂಕಣ ಆ ವಾರ ಖಾಲಿ. ಕೆಯೀಲಾ ಊರನ್ನು ಬಿಡಿಸುವ ಮುಂಚೆ ದಾವೀದ ದೇವರನ್ನು ಎರಡು ಸಲ ಕೇಳಿದ್ದ, ಆ ಊರಿನವರು ತನ್ನನ್ನು ಸೌಲನಿಗೆ ಒಪ್ಪಿಸುವರೋ ಎಂದು ಮತ್ತೆ ಕೇಳಿದ್ದ. ನಾಬಾಲನ ಮೇಲೆ ಹೊರಡುವಾಗ ಕೇಳಲಿಲ್ಲ. 27ರಲ್ಲೂ ಕೇಳುವುದಿಲ್ಲ, ‘ತನ್ನೊಳಗೇ ಅಂದುಕೊಂಡು’ ಇಸ್ರೇಲಿನ ವೈರಿಗಳಾದ ಫಿಲಿಷ್ಟಿಯರ ಕಡೆ, ಅವರ ಅರಸ ಆಕೀಷನ ಬಳಿ ಹೋಗುತ್ತಾನೆ. ಅಲ್ಲಿ 1 ವರ್ಷ 4 ತಿಂಗಳು. ಆಕೀಷ ಕೊಟ್ಟ ಚಿಕ್ಲಗ್ ಊರಿನಿಂದ ಹೊರಟು ಹಳ್ಳಿಗಳನ್ನು ದೋಚಿ, ಸುದ್ದಿ ಮುಟ್ಟಿಸಲು ಗಂಡಸು ಹೆಂಗಸು ಯಾರನ್ನೂ ಉಳಿಸದೆ ಕೊಂದು, ಯೆಹೂದದ ಕಡೆ ದೋಚಿದೆ ಎಂದು ಆಕೀಷನಿಗೆ ಸುಳ್ಳು ಹೇಳುತ್ತಾನೆ. ಈ ಅಧ್ಯಾಯವನ್ನು ಆ ಸಭೆಯಲ್ಲಿ ಪ್ರಸಂಗಕ್ಕೆ ತೆಗೆದುಕೊಂಡದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಅಭಿಷೇಕ ಪಡೆದವನು ಮಾಡಿದ್ದೆಲ್ಲ ಅಭಿಷೇಕದ ಕೆಲಸ ಅಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಪುಟ ಸಿಗುವುದಿಲ್ಲ.

ಆ ದಿನಗಳಲ್ಲೇ ಸಹಾಯಕ ಪಾಸ್ಟರ್ ಎದುರು ಎರಡು ಪ್ರಸ್ತಾಪ ಬಂದವು. 22 ಕುಟುಂಬಗಳು ಹೊರಬರಲು ಸಿದ್ಧ, ಬಸ್ ನಿಲ್ದಾಣದ ಹತ್ತಿರ ಬಾಡಿಗೆ ಹಾಲ್ ನೋಡಿಯಾಗಿದೆ, ಮುಂಗಡ ಕೊಟ್ಟರೆ ಸಾಕು. ಇನ್ನೊಂದು ಗುಟ್ಟಿನದು: ಪಾಸ್ಟರ್ ಸಂಬಂಧಿಯೊಬ್ಬ ಅವರ ಬ್ಯಾಂಕ್ ಪಾಸ್‌ಬುಕ್ಕಿನ ಪುಟಗಳ ಫೋಟೊ ತೆಗೆದು ಮೊಬೈಲಿಗೆ ಕಳಿಸಿದ್ದ.

ಇಡೀ ಪ್ರಕರಣ ನಿಂತದ್ದು ಅವರು ಆ ವಾರ ಮಾಡಿದ ಆಯ್ಕೆಯ ಮೇಲೆ. ಮನೆಯಲ್ಲಿ ಓದಬೇಕಿದ್ದ ಭಾಗದಲ್ಲಿ 2 ಸಮುವೇಲ 1 ಇತ್ತು: ಯುದ್ಧದಲ್ಲಿ ಸೌಲ ಸತ್ತ ಗಿಲ್ಬೋವ ಬೆಟ್ಟದಿಂದ ಅವನ ಕಿರೀಟವನ್ನೂ ತೋಳ್ಬಳೆಯನ್ನೂ ತಂದು ಬಹುಮಾನ ನಿರೀಕ್ಷಿಸಿದ ಅಮಾಲೇಕ್ಯನಿಗೆ ದಾವೀದನಿಂದ ಸಿಕ್ಕದ್ದು ಮರಣದಂಡನೆ. ಕಿರೀಟ ತಂದುಕೊಟ್ಟವರ ಋಣದಲ್ಲಿ ಸಿಂಹಾಸನ ಏರಿದರೆ ಮುಂದೆ ಅವರೇ ಆಳುತ್ತಾರೆ. ಸಹಾಯಕರು ಫೋಟೊಗಳನ್ನು ಅಳಿಸಿ, ಬಂದ ವಿಷಯವನ್ನು ಇಬ್ಬರು ಹಿರಿಯರಿಗೆ ತಿಳಿಸಿದರು. ಬಾಡಿಗೆ ಹಾಲ್‌ಗೆ ಮುಂಗಡ ಕೊಡಲಿಲ್ಲ. ಯುವಕರಲ್ಲಿ ಕೆಲವರು ಅವರನ್ನು ಅಂಜುಬುರುಕ ಎಂದರು.

ಪತ್ರ

ಏಳನೆಯ ವಾರ ಯೆಹೂದದ ಊರು ಹೆಬ್ರೋನ್. ಸೌಲ ಸತ್ತರೂ ರಾಜ್ಯ ಮಡಿಲಿಗೆ ಬೀಳಲಿಲ್ಲ. ಯೆಹೂದ ಕುಲ ಮಾತ್ರ ಮೊದಲು ಒಪ್ಪಿತು, ಉಳಿದವರ ಮೇಲೆ ಸೌಲನ ಸೇನಾಪತಿ ಅಬ್ನೇರ ಸೌಲನ ಮಗ ಈಷ್ಬೋಶೆತನನ್ನು ಕೂರಿಸಿದ. 7 ವರ್ಷ 6 ತಿಂಗಳು ದಾವೀದ ಹೆಬ್ರೋನಿನಲ್ಲೇ ಇದ್ದ. ಆ ಕಾಲ ಶುದ್ಧವಾಗಿರಲಿಲ್ಲ: ಗಿಬ್ಯೋನಿನ ಕೊಳದ ಬಳಿ ಶುರುವಾದ ಅಣ್ಣತಮ್ಮಂದಿರ ಕದನ, ದಾವೀದ ಹಿಂದಕ್ಕೆ ಕರೆಸಿಕೊಂಡ ಮೊದಲ ಹೆಂಡತಿ ಮೀಕಲಳ ಹಿಂದೆ ಅಳುತ್ತಾ ಬಂದ ಅವಳ ಎರಡನೆಯ ಗಂಡ ಪಲ್ಟೀಯೇಲ, ದಾವೀದನ ಸೇನಾಪತಿ ಯೋವಾಬನ ಕೈಯಲ್ಲಿ ಅಬ್ನೇರನ ಕೊಲೆ. ಯೋವಾಬನನ್ನು ಶಿಕ್ಷಿಸಲು ದಾವೀದನಿಗೆ ಆಗಲಿಲ್ಲ. ಕೊನೆಗೆ 2 ಸಮುವೇಲ 5:3ರಲ್ಲಿ ಇಸ್ರೇಲಿನ ಹಿರಿಯರೆಲ್ಲ ಬರುತ್ತಾರೆ. ಮೊದಲು ಒಡಂಬಡಿಕೆ, ಆಮೇಲೆ ಎಣ್ಣೆ. ಈ ಅನುಕ್ರಮವನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದರು. ಬೇತ್ಲೆಹೇಮಿನಲ್ಲಿ ಮನೆಯವರ ಮುಂದೆ ಆದ ಅಭಿಷೇಕ ಅವನನ್ನು ಸಿಂಹಾಸನದ ಮೇಲೆ ಕೂರಿಸಲಿಲ್ಲ, ಜನರ ಜೊತೆಗಿನ ಕರಾರು ಕೂರಿಸಿತು. ಆಗ ಅವನಿಗೆ 30 ವರ್ಷ ದಾಟಿ 7 ವರ್ಷ ಆಗಿತ್ತು.

ಆ ವಾರದ ನಡುವೆ, ಅಧ್ಯಯನದ ಹೊರಗೆ, 11 ಮಂದಿ ಸೇರಿ ಒಂದು ಪತ್ರ ಬರೆದರು. ಬೇಡಿಕೆ ಮೂರೇ. 4 ವರ್ಷಗಳ ಜಮಾ ಖರ್ಚನ್ನು ಸಭೆಗೆ ಸಂಬಂಧಪಡದ ಲೆಕ್ಕ ಪರಿಶೋಧಕರಿಂದ ನೋಡಿಸುವುದು, 8 ಗುಂಟೆಯನ್ನು ಟ್ರಸ್ಟ್ ಹೆಸರಿಗೆ ವರ್ಗಾಯಿಸುವುದು, ಟ್ರಸ್ಟ್‌ನಲ್ಲಿ ಒಂದೇ ಮನೆಯವರು ಬಹುಮತ ಆಗದಂತೆ ಬದಲಿಸುವುದು. ರಾಜೀನಾಮೆಯ ಮಾತಿಲ್ಲ, ಆರೋಪದ ಪದವಿಲ್ಲ. ಆಧಾರವಾಗಿ 2 ಕೊರಿಂಥ 8:20-21 ಕೊಟ್ಟಿದ್ದರು. ಕಾಣಿಕೆಯ ಹಣದ ವಿಷಯದಲ್ಲಿ ಪೌಲನೇ, ಕರ್ತನ ಮುಂದಷ್ಟೇ ಅಲ್ಲ, ಜನರ ಮುಂದೆಯೂ ಸರಿಯಾಗಿರಲೆಂದು ಜೊತೆಗೆ ಬೇರೆಯವರನ್ನು ಕಳಿಸಿದ್ದ. ಪಾಸ್ಟರ್‌ಗೆ ಪ್ರತಿ ಕೊಟ್ಟು 10 ದಿನ ಕಾದು, ಆಮೇಲೆ ಆರಾಧನೆಯ ಕೊನೆಗೆ ಓದಿದರು. ಸಹಾಯಕರ ಸಹಿ ಇರಲಿಲ್ಲ. ಅವರು ಕೇಳಿದ್ದರು, ಬರೆದವರು ಬೇಡವೆಂದರು: ಫಲ ಯಾರಿಗೆ ಸಿಗಬಹುದೋ ಅವರು ಕೇಳುವವರ ಸಾಲಿನಲ್ಲಿ ನಿಂತರೆ ಪತ್ರ ಬೇರೆಯೇ ಆಗುತ್ತದೆ.

ಎಂಟನೆಯ ವಾರ: ಎಣ್ಣೆ ಯಾರದು

ಪತ್ರ ಓದಿದ ದಿನವೇ ಕೊನೆಯ ಅಧ್ಯಯನ. ಪಾಸ್ಟರ್ ಬಂದಿದ್ದರು, ಹಿಂದಿನ ಬೆಂಚಿನಲ್ಲಿ.

ಕ್ರೈಸ್ತರು ದಾವೀದನಿಂದ ನೇರವಾಗಿ ತಮ್ಮ ಪಾಸ್ಟರ್‌ಗೆ ಹಾರಿದಾಗಲೇ ಕೆಡುಕು ಶುರುವಾಗುತ್ತದೆ ಎಂಬುದು ಅಂದಿನ ಮುಖ್ಯ ಮಾತು. ‘ಕ್ರಿಸ್ತ’ ಎಂಬ ಗ್ರೀಕ್ ಪದಕ್ಕೂ ‘ಮೆಸ್ಸೀಯ’ ಎಂಬ ಹೀಬ್ರೂ ಪದಕ್ಕೂ ಅರ್ಥ ಅಭಿಷಿಕ್ತ ಎಂದೇ. ಹೊಸ ಒಡಂಬಡಿಕೆಯಲ್ಲಿ ದಾವೀದನ ಗೆರೆ ಬಂದು ನಿಲ್ಲುವುದು ಯೇಸುವಿನಲ್ಲಿ. ಮತ್ತಾಯ ವಂಶಾವಳಿಯನ್ನು 14, 14, 14 ತಲೆಮಾರುಗಳಾಗಿ ಜೋಡಿಸುತ್ತಾನೆ, ಹೀಬ್ರೂ ಅಕ್ಷರಗಳ ಲೆಕ್ಕದಲ್ಲಿ ದಾವೀದ ಎಂಬ ಹೆಸರಿನ ಮೊತ್ತವೂ 14. ಅಲ್ಲಿಂದ ಅಭಿಷೇಕ ಹರಿಯುವುದು ವೇದಿಕೆಯ ಮೇಲಿನ ಒಬ್ಬರಿಗಲ್ಲ, 1 ಯೋಹಾನ 2:20ರಂತೆ ‘ನಿಮಗೆ’, ಇಡೀ ಸಭೆಗೆ. ಸೌಲನಿಗಿದ್ದ ರಕ್ಷೆ ಯಾವ ಹುದ್ದೆಗೂ ಪಿತ್ರಾರ್ಜಿತವಾಗಿ ಬಂದಿಲ್ಲ. ಹಿರಿಯರ ಮೇಲೆ ದೂರು ಬಂದರೆ ಇಬ್ಬರು ಮೂವರು ಸಾಕ್ಷಿಗಳಿರಬೇಕು ಎನ್ನುತ್ತದೆ 1 ತಿಮೊಥೆ 5:19. ದೂರು ಬರಲೇಬಾರದು ಎನ್ನುವುದಿಲ್ಲ.

ಹಾಗಾದರೆ ಗವಿಯ ದಾವೀದ ಕ್ರೈಸ್ತರಿಗೆ ಏನು? ಯೋಹಾನ 6:15ರಲ್ಲಿ ಜನ ಹಿಡಿದೊಯ್ದು ಅರಸನನ್ನಾಗಿ ಮಾಡಲು ಬಂದಾಗ ಯೇಸು ಬೆಟ್ಟಕ್ಕೆ ಸರಿದುಬಿಡುತ್ತಾನೆ. ಅದು ದಾವೀದ ಗವಿಯಲ್ಲಿ ತಳ್ಳಿದ ಅವಸರದ ಸಿಂಹಾಸನವೇ. ಯೋಹಾನ 18ರಲ್ಲಿ ಮಹಾಯಾಜಕನ ಮುಂದೆ ಓಲೇಕಾರನೊಬ್ಬ ಕಪಾಳಕ್ಕೆ ಹೊಡೆದಾಗ ಯೇಸು ತಿರುಗಿ ಹೊಡೆಯುವುದಿಲ್ಲ. ಸುಮ್ಮನೂ ಇರುವುದಿಲ್ಲ. ತಪ್ಪು ಮಾತಾಡಿದ್ದರೆ ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳುತ್ತಾನೆ. ಅಂಚನ್ನು ಎತ್ತಿ ಹಿಡಿದ ದಾವೀದನ ದನಿ ಅಲ್ಲಿ ಕೇಳಿಸುತ್ತದೆ. ಶಿಲುಬೆಯನ್ನು ಬರೀ ಮೌನದ ಪಾಠವಾಗಿ ಕಲಿಸುವವರು ಈ ವಚನವನ್ನು ದಾಟಿಕೊಂಡು ಹೋಗುತ್ತಾರೆ.

ಆದದ್ದು

ಲೆಕ್ಕ ಪರಿಶೋಧನೆಗೆ 3 ತಿಂಗಳು ಹಿಡಿಯಿತು. ಎರಡು ವರ್ಷದ ವೋಚರ್‌ಗಳೇ ಇರಲಿಲ್ಲ. ಕಟ್ಟಡ ನಿಧಿಯಿಂದ ತೆಗೆದ ಹಣದಲ್ಲಿ ಒಂದು ಪಾಲು ಸಭೆಯ ವಿಧವೆಯೊಬ್ಬರ ಆಸ್ಪತ್ರೆ ಖರ್ಚಿಗೆ ಹೋಗಿತ್ತು, ಇನ್ನೊಂದು ಪಾಲು ಪಾಸ್ಟರ್ ಮನೆಯ ತಾರಸಿ ರಿಪೇರಿಗೆ. ಎರಡನ್ನೂ ಬರೆದಿಟ್ಟಿರಲಿಲ್ಲ. ತಾರಸಿಯ ಹಣವನ್ನು ಕಂತಿನಲ್ಲಿ ತೀರಿಸುವುದಾಗಿ ಪಾಸ್ಟರ್ ಬರೆದುಕೊಟ್ಟರು. ಜಾಗ ಟ್ರಸ್ಟ್ ಹೆಸರಿಗಾಯಿತು, ಮುದ್ರಾಂಕ ಶುಲ್ಕವನ್ನು ಎರಡನೆಯ ಸಲ ಕಟ್ಟಿ. ಮೊದಲೇ ಟ್ರಸ್ಟ್ ಹೆಸರಿನಲ್ಲಿ ಕೊಂಡಿದ್ದರೆ ಅದು ಉಳಿಯುತ್ತಿತ್ತು. ಪಾಸ್ಟರ್ 18 ತಿಂಗಳಿಗೆ ನಿವೃತ್ತಿ ಎಂದು ದಿನ ಗೊತ್ತುಮಾಡಿಕೊಂಡರು.

ಆದರೂ 14 ಕುಟುಂಬಗಳು ಬಿಟ್ಟುಹೋದವು, ಎರಡೂ ಕಡೆಯಿಂದ. ಸಹಾಯಕರು ಪಾಸ್ಟರ್ ಆಗಲಿಲ್ಲ. ಮುಂದಿನ ಆಯ್ಕೆಗೆ ತಮ್ಮ ಹೆಸರು ಬೇಡವೆಂದು ಹೇಳಿ, 20 ಕಿಲೋಮೀಟರ್ ದೂರದ ಹಳ್ಳಿಯಲ್ಲಿ ವಾರಕ್ಕೊಮ್ಮೆ ನಡೆಯುತ್ತಿದ್ದ ಪ್ರಾರ್ಥನಾ ಕೂಟ ವಹಿಸಿಕೊಂಡರು.

ಅಧ್ಯಯನ ನಡೆಸಿದವರ ಟಿಪ್ಪಣಿಯಲ್ಲಿ ತಪ್ಪುಗಳ ಪಟ್ಟಿಯೂ ಇದೆ. ಗೊಲ್ಯಾತನಿಂದ ಶುರು ಮಾಡಿದ್ದು ಒಂದು, 1 ಸಮುವೇಲದ 8ನೇ ಅಧ್ಯಾಯದಿಂದ, ಜನ ಅರಸನನ್ನು ಬೇಡುವಲ್ಲಿಂದ, ಶುರು ಮಾಡಬೇಕಿತ್ತು. ಅಲ್ಲಿ ಸಮುವೇಲ ‘ತೆಗೆದುಕೊಳ್ಳುವನು’ ಎಂಬ ಮಾತನ್ನೇ ಮತ್ತೆಮತ್ತೆ ಹೇಳಿ ಅರಸರ ಸ್ವಭಾವ ತಿಳಿಸುತ್ತಾನೆ, ಅದು ದಾವೀದನಿಗೂ ಅನ್ವಯಿಸುವ ಮಾತು. ನಾಲ್ಕನೆಯ ವಾರದ ಮಾರನೆಯ ದಿನವೇ ಪಾಸ್ಟರ್ ಮನೆಗೆ ಹೋಗಿ ಕೂರದೆ ಇದ್ದದ್ದು ಇನ್ನೊಂದು. ವಿಧವೆಯ ಆಸ್ಪತ್ರೆ ಖರ್ಚಿನ ವಿಷಯ ಆಗಲೇ ಹೊರಬರುತ್ತಿತ್ತೇನೋ.

ಎಣ್ಣೆ ಹಚ್ಚಿ ಹೋದ ಪ್ರಸಂಗಿಯಿಂದ ಮುಂದಿನ ಉಪವಾಸ ಕೂಟಕ್ಕೆ ಬಿಡುವಿದೆ ಎಂದು ಫೋನ್ ಬಂದಿತ್ತು. ಕರೆಯಬೇಕೇ ಬೇಡವೇ ಎಂಬ ವಿಷಯದ ಎದುರು ಸಮಿತಿಯ ನಡಾವಳಿ ಪುಸ್ತಕದಲ್ಲಿ ‘ಮುಂದಿನ ಸಭೆಗೆ’ ಎಂದು ಮೂರು ಸಲ ಬರೆದಿದೆ.